ಮುರಿಗೆಪ್ಪನವರಿಗೆ ಸಿಗದ ಹೆಸರು

ಮುರಿಗೆಪ್ಪನವರು ಹೊಸಬರನ್ನು ಕಂಡರೆ ಮೊದಲು ಕೇಳುತ್ತಿದ್ದುದು ಹೆಸರನ್ನಲ್ಲ. "ಯಾರ ಪೈಕಿ?" ಎನ್ನುತ್ತಿದ್ದರು, ಉತ್ತರ ಬರುವುದರೊಳಗೆ ವಿಭೂತಿಯ ಗೆರೆ, ಸೀರೆಯ ನಿರಿಗೆ, ಮಾತಿನ ಕೊನೆಯ ಎಳೆತ ನೋಡಿ ಮಠ, ಒಳಪಂಗಡ, ತಾಲ್ಲೂಕುಗಳನ್ನು ತಾವೇ ಹೇಳಿ ಮುಗಿಸಿರುತ್ತಿದ್ದರು. ಬೇಸಿಗೆಯಲ್ಲೂ ಕರಿಯ ಕೋಟಿನ ಗುಂಡಿಗಳನ್ನು ಕುತ್ತಿಗೆಯವರೆಗೆ ಹಾಕಿ, ಎಂದೋ ಹೊತ್ತ ಜವಳಿಯ ಗಂಟು ಇನ್ನೂ ಬಲಭುಜದ ಮೇಲಿದೆಯೇನೋ ಎಂಬಂತೆ ಒಂದು ಪಕ್ಕಕ್ಕೆ ವಾಲಿ ನಡೆಯುತ್ತಾ, ಫೋರ್ಟಿನ ಅಂಗಡಿಯಿಂದ ಭಾಂಡುಪಿನ ಚಾಳಿಗೆ ಅವರು ಮರಳುವಾಗ ತಂಗಿ ಕಾಶವ್ವ ಉಣ್ಣದೆ ಕಾದಿರುತ್ತಿದ್ದಳು. ಗಂಡ ತೀರಿದ ಮೇಲೆ ವಿಜಾಪುರದ ಅತ್ತೆಮನೆಯಲ್ಲಿ, ಎಲ್ಲರದೂ ಮುಗಿದ ಬಳಿಕ ಅಡಿಗೆಮನೆಯ ಬಾಗಿಲ ಹಿಂದೆ ಒಬ್ಬಳೇ ಉಣ್ಣುತ್ತಿದ್ದವಳನ್ನು ಅವರೇ ಹೋಗಿ ಕರೆತಂದಿದ್ದರು.

ರಾಜ್ಯಗಳಿಗೆ ಹೊಸ ಗಡಿ ಎಳೆಯುತ್ತಿದ್ದ ವರ್ಷ ಅದು; ಯಾವ ಊರು ಯಾರಿಗೆಂದು ಚಾಳಿನಲ್ಲಿ ದಿನವೂ ವಾದ. ಒಂದು ಮುಂಜಾನೆ ನೆರೆಯ ಗಂಗುಬಾಯಿ ನಳದ ಹತ್ತಿರ ಅವರನ್ನು ತಡೆದಳು.

"ಮುರಿಗೆಪ್ಪಣ್ಣ, ಸಿಟ್ಟಾಗಬ್ಯಾಡ್ರಿ. ನಿಮ್ಮ ತಂಗಿ ಪಂಥದಾಗ ಬಿದ್ದಾಳ. ಐತವಾರಕ್ಕೊಮ್ಮೆ ಸಾಂತಾಕ್ರೂಜಕ್ಕ ಹೋಗ್ತಾಳ."

ಗಂಗುಬಾಯಿ ಬೆಳಗಾವಿಯವಳು, ಅವಳ ಬಾಯಲ್ಲಿದ್ದುದು ಮರಾಠಿಯ ಪಂಥ, ಅಂದರೆ ಒಂದು ಮತದ ಗುಂಪು. ಮುರಿಗೆಪ್ಪನವರ ಊರಿನಲ್ಲಿ ಪಂಥವೆಂದರೆ ಬಾಜಿ. ಮಹಾಲಕ್ಷ್ಮಿಯ ರೇಸು ಕುದುರೆಗಳು ಅವರ ಎದೆಯ ಮೇಲೆ ಓಡಾಡಿದವು. ಕೊನೆಗೆ ತಡೆಯಲಾರದೆ ಕೇಳಿದರು: "ಯಾವ ಕುದುರಿ ಮ್ಯಾಲ ರೊಕ್ಕ ಕಟ್ಟೀದಿ, ಕಾಶಿ?"

ಅವಳು ಸೆರಗನ್ನು ಬಾಯಿಗೆ ಒತ್ತಿಕೊಂಡು ಕಣ್ಣಲ್ಲಿ ನೀರು ಬರುವವರೆಗೆ ನಕ್ಕಳು. "ಕುದುರಿ ಅಲ್ಲೋ ಅಣ್ಣಾ. ಕೂಡಿ ಉಣ್ಣೂ ಮಂದಿ ಅದಾರ, ಅಲ್ಲಿಗೆ ಹೋಗ್ತೀನಿ."

ಕುದುರೆಯೇ ಆಗಿದ್ದರೆ ಚೆನ್ನಾಗಿತ್ತು ಎಂದು ಅವರಿಗೆ ಅನ್ನಿಸಿದ್ದು ಸುದ್ದಿ ವಿಜಾಪುರ ಮುಟ್ಟಿದ ಮೇಲೆ. ಅವಳ ಭಾವ ಶಿವಪುತ್ರಪ್ಪ ಹೇಳಿಕಳಿಸಿದ್ದ: ಕಂಡ ಕಂಡ ಪಂಥದಲ್ಲಿ ನಮ್ಮ ಮನೆಯ ಸೊಸೆ ಕೂರುವುದು ಬೇಡ, ಬಂದು ಕರೆದೊಯ್ಯುತ್ತೇನೆ.

ಮುಂದಿನ ಭಾನುವಾರ ಮುರಿಗೆಪ್ಪನವರು ತಂಗಿಯ ಜೊತೆ ಹೊರಟರು. ದಾದರಿನಲ್ಲಿ ಲೋಕಲ್ ಬದಲಿಸಿ ಸಾಂತಾಕ್ರೂಜಿನಲ್ಲಿ ಇಳಿದರು. ಉಡುಪಿ ಹೋಟೆಲೊಂದರ ಹಿಂದಿನ ಕೋಣೆ ಅದು; ಪಟವಿಲ್ಲ, ಗಂಟೆಯಿಲ್ಲ, ಗದ್ದುಗೆಯಿಲ್ಲ. ಗಿರಣಿಯವರು, ಹೋಟೆಲಿನ ಮಾಣಿಗಳು, ಒಬ್ಬ ನರ್ಸು ಸಾಲಾಗಿ ಕುಳಿತಿದ್ದರು. ಮಂಗಳೂರು ಕಡೆಯ ಶೀಲಾವತಿಯೆಂಬ ಮುದುಕಿ ಬಡಿಸುತ್ತಿದ್ದಳು.

"ನಿಮ್ಮ ಗುರು ಯಾರ್ರಿ?"

"ಗುರು ಇಲ್ಲ ಮಾರಾಯ್ರೆ. ಅನ್ನ ಉಂಟು."

"ಬಿಟ್ಟು ಹೋಗ್ತೀನಿ ಅಂದ್ರ ಬಿಡ್ತೀರೇನು?"

"ಈ ಕೊರಗಪ್ಪ ಬಿಟ್ಟು ತಿಂಗಳಾಯ್ತು. ನಿಮ್ಮ ಬದಿಯಲ್ಲೇ ಕೂತಿದ್ದಾನೆ ನೋಡಿ."

ಬಾಯ್ತುಂಬ ಅನ್ನವಿದ್ದ ಕೊರಗಪ್ಪ ನಾಚಿ ತಲೆಯಾಡಿಸಿದ.

ಅಲ್ಲಿಯ ನೇಮ ಒಂದೇ: ಮೊದಲ ತುತ್ತು ಪಕ್ಕದವರ ಬಾಯಿಗೆ, ಯಾರೂ ಎಲ್ಲಿಯೂ ಒಬ್ಬರೇ ಉಣ್ಣಬಾರದು. ಕೇಳಿದೊಡನೆ ಮುರಿಗೆಪ್ಪನವರಿಗೆ ತಾವು ತಡವಾಗಿ ಮರಳಿದ ದಿನಗಳು, ಬಾಡಿದ ತಂಗಿಯ ಮುಖ ನೆನಪಾಗಿ ಸಿಟ್ಟು ಬಂತು.

"ಹೆಣ್ಮಗಳನ್ನ ಉಪವಾಸ ಕೆಡವೂದು ಯಾವ ಧರ್ಮ?"

ಶೀಲಾವತಿಯ ಸೌಟು ನಿಂತಿತು. "ಜೊತೆ ಹುಡುಕಿ ಅಂತ ಹೇಳಿದ್ದು ನಾನು. ಹಸಿದುಕೊಂಡಿರಿ ಅಂತ ಹೇಳಿದ್ದಲ್ಲ."

ಅಷ್ಟರಲ್ಲಿ ಕಾಶವ್ವ ಅಣ್ಣನ ಮುಖ ನೋಡದೆ ಒಂದು ತುತ್ತನ್ನು ಎತ್ತಿ ಹಿಡಿದಿದ್ದಳು. ಬಾಯಿ ತೆರೆಯಲು ಅವರಿಗೆ ಸ್ವಲ್ಪ ಹೊತ್ತು ಹಿಡಿಯಿತು.

ಶಿವಪುತ್ರಪ್ಪ ಬಂದವನು ಚಹ ಮುಟ್ಟಲಿಲ್ಲ. "ಅದು ಮಠ ಏನು, ಪಂಥ ಏನು? ಎಲ್ಲಾರ ಗುರುತೂ ಹಿಡಿಯಾಂವ ನೀ. ಒಂದ ಮಾತಿನಾಗ ಹೇಳು." ಬಾಗಿಲಲ್ಲಿ ನಿಂತ ಕಾಶವ್ವನ ಕೈ ಚೌಕಟ್ಟನ್ನು ಹಿಡಿದಿತ್ತು. ಭಜನಾ ಮಂಡಳಿ ಎಂದಿದ್ದರೆ ಸಾಕಿತ್ತು, ಆದರೆ ಸುಳ್ಳಾಗುತ್ತಿತ್ತು; ಮುರಿಗೆಪ್ಪನವರು ಕೋಟಿನ ಮೇಲಿನ ಗುಂಡಿಯನ್ನು ಬಿಚ್ಚಿದರು, ಮತ್ತೆ ಹಾಕಿದರು.

"ತಿಳೀಲಿಲ್ರಿ, ಬೀಗರ. ಕೆಟ್ಟದ್ದು ಅನ್ನಾಕ ಬಾಯಿ ಬರವಲ್ದು, ಛಲೋ ಅನ್ನಾಕ ಧೈರ್ಯ ಸಾಲವಲ್ದು. ಆಕಿ ಇಲ್ಲೇ ಇರ್ತಾಳ."

"ಗೊತ್ತಿಲ್ಲದ ಮಂದಿ ಕೈಯಾಗ ಬಿಡ್ತೀ ಏನು?"

"ತಂಗಿ ಗೊತ್ತದಾಳಲ್ರಿ."

ಶಿವಪುತ್ರಪ್ಪ ಒಬ್ಬನೇ ರೈಲು ಹತ್ತಿದ. ಮುರಿಗೆಪ್ಪನವರಿಗೆ ಆ ಮಂದಿಯ ಮೇಲಿನ ಅನುಮಾನ ಕೊನೆಗೂ ಪೂರ್ತಿ ಹೋಗಲಿಲ್ಲ. ಪ್ರತಿ ಭಾನುವಾರದ ಸಂಜೆ ಅವರು ಸ್ಟೇಷನ್ನಿನ ಮೆಟ್ಟಿಲ ಬಳಿ ನಿಂತು ತಂಗಿಯ ದಾರಿ ನೋಡುತ್ತಿದ್ದರು. ಎಲ್ಲಕ್ಕೂ ಹೆಸರು ಬೇಕೆನ್ನುವವರನ್ನು ನಾವು ಸುಲಭವಾಗಿ ಕಠಿಣರೆನ್ನುತ್ತೇವೆ. ಆದರೆ ಹೆಸರಿಟ್ಟೊಡನೆ ಮನಸ್ಸಿಗೊಂದು ಬಿಡುವು ಸಿಗುತ್ತದೆ, ಮತ್ತೆ ತಿರುಗಿ ನೋಡುವ ಕಷ್ಟವಿಲ್ಲ. ಆ ಬಿಡುವನ್ನೇ ನಂಬಿ ಬದುಕಿದವರು ತಮ್ಮವರೊಬ್ಬರಿಗಾಗಿ ಅದನ್ನು ಬಿಟ್ಟುಕೊಟ್ಟಾಗ, ಉಳಿದ ಆಯುಷ್ಯವೆಲ್ಲ ಎಚ್ಚರವಾಗಿರಬೇಕಾಗುತ್ತದೆ. ಆ ಎಚ್ಚರದ ಹೊರತು ಅವರ ಪ್ರೀತಿಗೆ ಬೇರೆ ರೂಪ ತಿಳಿಯದು.