ಕೀಳದೆ ಉಳಿಸಿಕೊಂಡ ಹಲ್ಲು

ಮತ್ತೆ ಗುಂಡಿ, ಬಸ್ಸು ಕುಕ್ಕಿದ ಏಟಿಗೆ ನೋವು ದವಡೆಯಿಂದ ಕಿವಿಗೆ ಏರಿತು, ಏರಲಿ, ಕೆ. ಹೊಸಕೋಟೆಯಿಂದ ಹಾಸನದವರೆಗೆ ತಾನೆ, ಇವತ್ತೊಂದು ದಿನ ಬಾಯಲ್ಲಿರು ಮಾರಾಯ ಎಂದು ಹುಳುಕು ಹಲ್ಲಿಗೇ ಹೇಳುತ್ತಿದ್ದೇನೆ — ಇದನ್ನು ಕೀಳಬೇಕಿದ್ದ ಸಕಲೇಶಪುರದ ಡಾಕ್ಟರು ಪಕ್ಕದ ಗಟ್ಟಿ ಹಲ್ಲನ್ನು ಕಿತ್ತು ಸ್ಟೀಲ್ ತಟ್ಟೆಗೆ ಟಣ್ ಎಂದು ಹಾಕಿದ, ಬೆಳ್ಳಗೆ, ಒಂದು ಕಪ್ಪು ಚುಕ್ಕೆಯಿಲ್ಲ, ಈಗ ಗ್ರಾಹಕರ ಆಯೋಗದ ಮುಂದೆ ಹೇಳುತ್ತಾನೆ, ಸುಮನಾ ಅವರೇ ಬೆರಳಿಟ್ಟು ಅದನ್ನು ತೋರಿಸಿದರು, ಥೂ, ಇಂಜೆಕ್ಷನ್ನಿಗೆ ಅರ್ಧ ಮುಖ ಮರಗಟ್ಟಿದ್ದ ನಾನು ಎಲ್ಲಿ ಬೆರಳಿಟ್ಟರೇನು, ಓದಿದವನು ಅವನಲ್ಲವೇ, ನೋಡಬೇಕಾದ ಕಣ್ಣು ಅವನದಲ್ಲವೇ. ಕಿತ್ತ ಹಲ್ಲು ತನ್ನಿ, ಅದೇ ಸಾಕ್ಷಿ, ಎಂದಿದ್ದರು ಲಾಯರ್ ಶಿವಲೀಲಾ, ಎಲ್ಲಿಂದ ತರಲಿ, ಅತ್ತೆ ಜಗದಾಂಬ ಅದನ್ನು ಸಗಣಿಯಲ್ಲಿ ಸುತ್ತಿ ಹೆಂಚಿನ ಮೇಲೆ ಎಸೆದುಬಿಟ್ಟಿದ್ದರು, ಹಾಲುಹಲ್ಲು ಬಿದ್ದ ಮಕ್ಕಳಿಗೆ ಮಾಡುವ ಹಾಗೆ, ಒಳ್ಳೇದು ಹುಟ್ತೈತೆ ಕಣವ್ವ ಅಂತ, ನಲವತ್ತು ದಾಟಿದ ಸೊಸೆಗೆ! ಶಿವಲೀಲಾ ಹಣೆ ಚಚ್ಚಿಕೊಂಡರು, ನೋವಾಯ್ತು ಅಂದ್ರೆ ಸಾಲದು ಕಣ್ರೀ, ಡಾಕ್ಟ್ರು ಮಾಡ್ಬೇಕಾದ್ದು ಮಾಡ್ಲಿಲ್ಲ, ಅದ್ರಿಂದ್ಲೇ ನಿಮಗೆ ನಷ್ಟ ಆಯ್ತು, ಎರಡನ್ನೂ ತೋರಿಸ್ಬೇಕು, ಅದನ್ನ ಇನ್ನೊಬ್ಬ ಹಲ್ಲಿನ ಡಾಕ್ಟ್ರೇ ನೋಡಿ ಬರೆದುಕೊಡ್ಬೇಕು, ಈಗ ಉಳಿದಿರೋ ಸಾಕ್ಷಿ ಆ ಹುಳುಕು ಹಲ್ಲೊಂದೇ, ಅಲ್ಲೀತನಕ ಅದನ್ನ ಮುಟ್ಟಿಸ್ಬೇಡಿ. ಮುಟ್ಟಿಸಲಿಲ್ಲ, ಲವಂಗ ಕಚ್ಚಿಕೊಂಡೇ ಕಾಫಿ ಹಣ್ಣು ಕೊಯ್ದೆ, ಗಂಜಿ ಕುಡಿದೆ, ಊದಿದ ಕೆನ್ನೆಗೆ ಸೆರಗು ಒತ್ತಿಕೊಂಡು ಮಗ್ಗೆಯ ಮದುವೆಗೂ ಹೋಗಿಬಂದೆ, ಅತ್ತೆ ದಿನಾ ಬೈದರು, ಕೀಳ್ಸಿ ಬಿಸಾಕು ಅತ್ಲಾಗೆ, ಡಾಕ್ಟ್ರ ಮೇಲೆ ಗೆದ್ದೋರು ಯಾರವ್ರೆ, ಯಾರೂ ಇಲ್ಲದಿದ್ದರೆ ನಾನಿದ್ದೇನೆ ಅತ್ತೆ, ಕೊಳೆತರೂ ನನ್ನ ಪರ ಇರುವುದು ಇದೊಂದೇ.

ಈಗ ಕುರ್ಚಿ, ಕಣ್ಣಿಗೆ ಚುಚ್ಚುವ ಲೈಟು, ಆಯೋಗದವರು ಗೊತ್ತುಮಾಡಿದ ಹಾಸನದ ಡಾಕ್ಟರಮ್ಮ, ಬಾಯಿ ತೆಗೀರಿ, ಯಾವ ಹಲ್ಲು, ತೋರಿಸಿ — ಬೆರಳು ತಾನಾಗಿ ಏಳುತ್ತದೆ, ಏಳಬೇಡ, ಸೆರಗಿನಡಿ ಮುಷ್ಟಿ ಬಿಗಿದೆ, ಈ ಸಲ ನಾನು ತೋರ್ಸಲ್ಲ ಕಣ್ರೀ, ನೀವೇ ನೋಡಿ, ನೋಡಿ ಬರೀರಿ. ಡಾಕ್ಟರಮ್ಮ ಲೈಟನ್ನು ಸರ್ರನೆ ಕೆಳಗೆಳೆದರು, ಸಿಟ್ಟು ಬಂತೇನೋ, ಬರಲಿ, ಪುಟ್ಟ ಕನ್ನಡಿ ಒಳಗೆ ಬಂತು, ಹಿಂದಕ್ಕೆ ಹೋಯಿತು, ಮುಂದಕ್ಕೆ ಬಂತು, ಹುಳುಕಿನ ಮೇಲೆ ಟಕ್ ಎಂದು ನಿಂತಿತು, ಇದೇ ಅಲ್ವಾ, ಇಷ್ಟು ಚೆನ್ನಾಗಿ ಕಾಣ್ತಿದೆಯಲ್ಲಮ್ಮ, ಇದನ್ನ ಬಿಟ್ಟು ಪಕ್ಕದ್ದಕ್ಕೆ ಯಾಕೆ ಕೈ ಹಾಕಿದ್ರು — ಬರೀರಿ, ಅದನ್ನೇ ಬರೀರಿ ಎನ್ನಬೇಕು, ಬಾಯೊಳಗೆ ಕನ್ನಡಿ ಇನ್ನೂ ಇದೆ, ನೋವಿಗೆ ಬಾರದ ಕಣ್ಣೀರು ಈಗ ಕಿವಿಯತ್ತ ಇಳಿಯುತ್ತಿದೆ, ಮುಷ್ಟಿ ಮಾತ್ರ ಬಿಡಲಾರೆ, ಅವತ್ತಿನ ಸ್ಟೀಲ್ ತಟ್ಟೆ, ಟಣ್, ಬೆಳ್ಳಗೆ, ಒಂದು ಕಪ್ಪು ಚುಕ್ಕೆಯಿಲ್ಲ.