ಬಸ್ಸಾರಿನ ಕಾಳು

೨೦೨೪ರ ಫೆಬ್ರವರಿ ೪, ಭಾನುವಾರ, ಬೆಳಿಗ್ಗೆ ಏಳು ಗಂಟೆ ಹತ್ತು ನಿಮಿಷಕ್ಕೆ ನನ್ನ ಬಲತೋಳಿನ ಸುತ್ತಳತೆ ಮೂವತ್ಮೂರೂವರೆ ಸೆಂಟಿಮೀಟರ್ ಇತ್ತು. ಐದು ತಿಂಗಳಲ್ಲಿ ಎರಡು ಸೆಂಟಿಮೀಟರ್ ಹೆಚ್ಚಿತ್ತು. ಮೊಟ್ಟೆ, ಮಾಂಸವಿಲ್ಲದೆ ಬರೀ ಮುದ್ದೆ, ಹುರುಳಿ, ಅವರೆಯಲ್ಲೇ ಮೈ ಕಟ್ಟಬಹುದೆಂದು ನಾಗಮಂಗಲದ ಶಾಲೆಯಲ್ಲಿ ಮಕ್ಕಳಿಗೆ ಹೇಳಿದ್ದೆ. ವಿಜ್ಞಾನದ ಮೇಷ್ಟ್ರು ಹೇಳಿದ್ದನ್ನು ತೋಳಿನಲ್ಲೇ ತೋರಿಸಬೇಕಲ್ಲ. ನಮ್ಮೂರು ಬಿಂಡಿಗನವಿಲೆಯವನೇ ಆದ ಶಂಕರ್, ನನ್ನ ಜೊತೆಯ ಮೇಷ್ಟ್ರು, ಶಾಲೆಯಲ್ಲಿ ಆಗಾಗ ನನ್ನ ತೋಳು ಹಿಂಡಿ ನೋಡುತ್ತಿದ್ದ.

"ಏನ್ಲಾ ನಿಂಗರಾಜು, ಎತ್ತಿಗಿಕ್ಕೋ ಹುರುಳಿನೆಲ್ಲ ನೀನೇ ತಿಂದ್ಬುಟ್ರೆ ಎತ್ತು ಏನ್ಲಾ ತಿನ್ಬೇಕು?"

ನಾನು ನಗುತ್ತಿದ್ದೆ.

ಆ ದಿನ ಟೇಪು ಸುತ್ತಿಡುವಾಗ ಹೊರಗೆ ಕೊಡ ಬಿದ್ದ ಸದ್ದಾಯಿತು. ನಲ್ಲಿಯ ಹತ್ತಿರ ನನ್ನವ್ವ ಚಲುವಮ್ಮ ಗೋಡೆ ಹಿಡಿದು ನಿಂತಿದ್ದಳು.

"ಕೈ ಸೋತೋಯ್ತು ಕಣ್ಲಾ. ಈ ತಿಂಗ್ಳೊಪ್ಪತ್ತಲ್ಲಿ ಮೂರ್ನೇ ಸಲ."

"ನಾನ್ ತಿನ್ನೋದನ್ನೇ ನೀನೂ ತಿಂತೀಯ. ನಂಗ್ ಬರೋ ಶಕ್ತಿ ನಿಂಗ್ಯಾಕವ್ವ ಬರಲ್ಲ?" ಎಂದು ರೇಗಿದೆ, ಪಾಠ ಒಪ್ಪಿಸದ ಹುಡುಗಿಯನ್ನು ಕೇಳುವಂತೆ.

ಮಧ್ಯಾಹ್ನ ಬಸ್ಸಾರು. ಹುರುಳಿ, ಸೊಪ್ಪು ಬೇಯಿಸಿ ಬಸಿದ ನೀರಲ್ಲಿ ಸಾರು, ಬಸಿದ ಕಾಳಿಗೆ ಒಗ್ಗರಣೆ ಹಾಕಿ ಪಲ್ಯ. ಮುನ್ನೂರು ಗ್ರಾಂ ಪಲ್ಯವನ್ನು ತೂಗಿಕೊಂಡು ತಿಂದೆ. ಎಂದಿನಂತೆ ಎದ್ದು ಹೋಗಲಾಗಲಿಲ್ಲ. ಬೆಳಗಿನ ಮಾತು ಚುಚ್ಚುತ್ತಿತ್ತು. ಸಮಾಧಾನ ಹೇಳೋಣವೆಂದು ಅಡುಗೆಮನೆಗೆ ಹೋದೆ. ಅವ್ವನ ತಟ್ಟೆಯಲ್ಲಿ ಮುದ್ದೆ, ಅದರ ಸುತ್ತ ಬರೀ ಸಾರು.

"ಕಾಳೆಲ್ಲವ್ವ?"

"ನೀನು ತೂಗ್ಕೊಂಡು ತಿಂದ್ಯಲ್ಲ. ಮಿಕ್ಕಿದ್ದು ರಾತ್ರಿಗೆ ನಿಂಗೇ ಎತ್ತಿಟ್ಟಿವ್ನಿ. ಒಂದ್ ಪಾವು ಆಕುದ್ರೆ ಅಷ್ಟೇ ಕಣಪ್ಪ ಆಗೋದು."

"ನಿಂಗೆ?"

"ಬಸ್ದಿರೋ ನೀರಲ್ಲೇ ಸತ್ವ ಇರ್ತದೆ, ಚೆಲ್ಬೇಡ ಅಂತ ನೀನೇ ಏಳಿದ್ದಲ್ಲ? ನಾನು ಅದ್ನೇ ಉಣ್ತೀನಿ."

ಹೇಳಿದ್ದೆ. ಆ ನೀರಿಗೆ ಇಳಿಯುವುದು ಲವಣ, ಒಂದಷ್ಟು ಜೀವಸತ್ವ. ಪ್ರೋಟೀನು ಬಹುಪಾಲು ಕಾಳಲ್ಲೇ ಉಳಿಯುತ್ತದೆ. ಈ ಉಳಿದರ್ಧವನ್ನು ಹೇಳಿರಲಿಲ್ಲ. ನನ್ನ ನೋಟ್‌ಬುಕ್ಕಿನಲ್ಲಿ ಐದು ತಿಂಗಳ ನನ್ನ ತೂಕ, ತೋಳು, ನಿದ್ದೆ ಎಲ್ಲ ಇತ್ತು. ಅದೇ ಒಂದು ಪಾವಿನಲ್ಲಿ ಇನ್ನೊಬ್ಬರೂ ಉಣ್ಣಬೇಕೆಂಬುದು ಅದರ ಯಾವ ಪುಟದಲ್ಲೂ ಇರಲಿಲ್ಲ. ಶಂಕರನ ಮಾತಿಗೆ ನಕ್ಕಿದ್ದು ನೆನಪಾಗಿ ಅವ್ವನ ಮುಖ ನೋಡಲಾಗಲಿಲ್ಲ.

ಎತ್ತಿಟ್ಟಿದ್ದ ಪಲ್ಯವನ್ನೆಲ್ಲ ಅವಳ ತಟ್ಟೆಗೆ ಸುರಿದೆ.

"ಅಯ್ಯೋ, ಇಷ್ಟೊಂದಾ! ನಾನೇನ್ ಕುಸ್ತಿಗೆ ಓಗ್ಬೇಕೇನ್ಲಾ?"

ಅವಳು ಉಂಡ ಮೇಲೆ ಟೇಪು ತಂದೆ. "ರವಿಕೆ ಒಲಿಸ್ತೀಯಾ?" ಎಂದು ನಗುತ್ತಾ ತೋಳು ಚಾಚಿದಳು.

ಬಲತೋಳಿನ ನಡುಭಾಗ, ಹತ್ತೊಂಬತ್ತೂವರೆ ಸೆಂಟಿಮೀಟರ್.