ಅಮ್ಮ ಮೂಲೆಗೆ ಹೋದದ್ದೇಕೆ

ಡಂಗುರ ಮೊಟ್ಟಮೊದಲ ಸಲ ರಂಗದ ಮೇಲೆ ಬಂದು ಬಾಯಿ ತೆರೆದಾಗ ಬಿದ್ದ ಚಪ್ಪಾಳೆಗೆ ವಿಶ್ವವಿದ್ಯಾಲಯದ ಗೋಪುರದ ಗಡಿಯಾರವೇ ಬೆಚ್ಚಿಬಿದ್ದು ಒಂದು ಗಂಟೆ ಹಿಂದಕ್ಕೆ ಓಡಿತ್ತು. ಹಾಗೆ ಉಳಿದ ಆ ಒಂದು ಗಂಟೆಯಲ್ಲಿ ಜನ ಅದೇ ನಾಟಕವನ್ನು ಇನ್ನೊಮ್ಮೆ ನೋಡಿ ಮನೆಗೆ ಹೋದರು. ನಂಬದವರು ಗಡಿಯಾರವನ್ನೇ ಕೇಳಬಹುದು. ಪಾಪ, ಅದು ಇವತ್ತಿಗೂ ಸರಿಯಾದ ಸಮಯ ತೋರಿಸುವುದಿಲ್ಲ.

ಇದನ್ನು ಹೇಳಿದವನು ಡಂಗುರನೇ. ಹೆತ್ತವರು ಇಟ್ಟ ಹೆಸರು ಬೇರೆಯಿತ್ತು. ನಾಟಕ ವಿಭಾಗಕ್ಕೆ ಸೇರಿದ ಹೊಸತರಲ್ಲೇ ಗೆಳೆಯರು ಈ ಹೆಸರು ಅಂಟಿಸಿದ್ದರು. ಅವನು ಅದನ್ನು ಬಿರುದೆಂದುಕೊಂಡು ಎದೆಯುಬ್ಬಿಸಿ ಓಡಾಡುತ್ತಿದ್ದ.

ವಿದ್ಯಾರ್ಥಿಗಳೇ ನಿರ್ದೇಶಿಸುವ ನಾಟಕಗಳಿಗೆಂದು ವಿಭಾಗದಲ್ಲಿ ಪುಟ್ಟದೊಂದು ರಂಗಕೋಣೆ ಇತ್ತು. ಗೋಡೆ ಕಪ್ಪು, ನೆಲ ಕಪ್ಪು, ಸುತ್ತಲಿನ ಪರದೆಗಳೂ ಕಪ್ಪು. ಎಲ್ಲರ ಬಾಯಲ್ಲಿ ಅದು ಕರಿಕೋಣೆ. ಎಷ್ಟು ಚಿಕ್ಕದೆಂದರೆ ಮುಂದಿನ ಸಾಲಿನವರು ಕಾಲು ಚಾಚಿದರೆ ನಾಯಕ ಎಡವಿ ಬೀಳುತ್ತಿದ್ದ. ಖಳನಾಯಕ ಸೀನಿದರೆ ಹಿಂದಿನ ಸಾಲಿಗೆಲ್ಲ ನೆಗಡಿ. ವರ್ಷಕ್ಕೆ ಒಬ್ಬರಿಗಷ್ಟೇ ಅಲ್ಲಿ ನಾಟಕ ಮಾಡಿಸುವ ಅವಕಾಶ. ಅವಕಾಶಕ್ಕೆ ಸೆಣಸಿ ಸೋತವರು ಮುನಿಸಿಕೊಂಡು ಮನೆಗೆ ಹೋಗುವಂತಿರಲಿಲ್ಲ, ಗೆದ್ದವರ ನಾಟಕಕ್ಕೆ ಲೈಟು ಮಾಡಬೇಕು. ಇದು ವಿಭಾಗದ ಮೇಡಂ ತಂದ ಪದ್ಧತಿ. ಇನ್ನೂ ಒಂದಿತ್ತು. ಪ್ರದರ್ಶನ ಮುಗಿದ ಮೇಲೆ ನಿರ್ದೇಶಕ ಒಬ್ಬನೇ ರಂಗದ ನಡುವೆ ಕುರ್ಚಿ ಹಾಕಿಕೊಂಡು ಕೂರಬೇಕು. ಯಾರು ಏನು ಕೇಳಿದರೂ ಅವನೇ ಉತ್ತರಿಸಬೇಕು. ತನ್ನ ನಾಟಕ ತನಗೆ ಗೊತ್ತೆಂದು ತೋರಿಸಿಕೊಟ್ಟರೆ ಮುಂದಿನ ವರ್ಷ ಅವನಿಗೆ ದೊಡ್ಡ ರಂಗಮಂದಿರ. ತೊದಲಿದರೆ ಅದು ಸೋತವರ ಪಾಲು.

ಈ ಸಲ ಗೆದ್ದವನು ಡಂಗುರ. ಸೋತವಳು ಗೂಬೆ.

ದಪ್ಪ ಕನ್ನಡಕದ, ಅಳೆದು ತೂಗಿ ಮಾತಾಡುವ ಹುಡುಗಿ ಅವಳು. ಕತ್ತಲಲ್ಲಿ ಏಣಿಯ ತುದಿಗೆ ಕೂತು ಕೆಳಗಿನವರನ್ನು ಕಣ್ಣು ಮಿಟುಕಿಸದೆ ನೋಡುವುದು ಅವಳ ಅಭ್ಯಾಸ. ಆ ನೋಟ ಬೆನ್ನಿಗೆ ಬಿದ್ದರೆ ಅಂಗಿ ಸುಟ್ಟು ತೂತಾಗುತ್ತದೆ ಎಂದು ಡಂಗುರ ಹೇಳುತ್ತಿದ್ದ. ಒಂದು ತೂತನ್ನು ತೋರಿಸಿಯೂ ಇದ್ದ. ಅದು ಇಸ್ತ್ರಿ ಪೆಟ್ಟಿಗೆಯ ಕೆಲಸ.

ಅವನ ನಾಟಕದ ಕತೆ ಸರಳ. ಪಕ್ಕದವರ ಅಂಗಡಿಗೆ ಬೆಂಕಿ ಬಿದ್ದಿದೆ. ಹಚ್ಚಿದವನು ಸ್ವಂತ ಮಗ. ಅಮ್ಮ ಅದನ್ನು ಕಣ್ಣಾರೆ ಕಂಡಿದ್ದಾಳೆ. ಪೊಲೀಸ್ ಅಧಿಕಾರಿಯೊಬ್ಬ ಮನೆಗೆ ಬಂದು ಗಂಟಲು ಹರಿಯುವಷ್ಟು ವಿಚಾರಿಸುತ್ತಾನೆ. ಕೊನೆಯಲ್ಲಿ ಅಮ್ಮ ಹೇಳುವುದು ಒಂದೇ ಮಾತು: “ನಾನು ಏನೂ ನೋಡಲಿಲ್ಲ.” ಅಮ್ಮನಾಗಿ ಡಂಗುರನ ಸ್ವಂತ ತಂಗಿ, ಅದೇ ವಿಭಾಗದಲ್ಲಿ ಒಂದು ವರ್ಷ ಹಿಂದಿದ್ದಳು. ಅಧಿಕಾರಿಯಾಗಿ ಉದ್ದಣ್ಣ, ಬಾಗಿಲಿಗೆ ತಲೆ ಬಡಿಸಿಕೊಳ್ಳದೆ ಒಳಬಂದ ದಿನವೇ ಇಲ್ಲ. ಡಂಗುರನ ನಿರ್ದೇಶನ ಹೀಗಿತ್ತು: ಅಮ್ಮ ರಂಗದ ನಟ್ಟನಡುವೆ ಬಂದು, ಎರಡೂ ಕೈ ಮೇಲೆತ್ತಿ, ಛಾವಣಿ ಹಾರಿಹೋಗುವಂತೆ ಆ ಮಾತನ್ನು ಕೂಗಬೇಕು.

ರಿಹರ್ಸಲ್ ನಡೆಯುವಾಗ ಅವನು ಕಣ್ಣು ಮುಚ್ಚಿ ಕೂರುತ್ತಿದ್ದ. ನಿಜವಾದ ನಿರ್ದೇಶಕ ಕಿವಿಯಿಂದ ನೋಡುತ್ತಾನಂತೆ. ಲೈಟು ಹಾಕಿ ನಡೆಸಿದ ಮೊದಲ ರಿಹರ್ಸಲ್‌ನಲ್ಲಿ ಕೊನೆಯ ಮಾತು ಅವನ ಕಿವಿಗೆ ಸಣ್ಣಗೆ, ಎಲ್ಲಿಂದಲೋ ಕೇಳಿಸಿತು. ಕಣ್ಣು ಬಿಟ್ಟ. ನಡುವೆ ಯಾರೂ ಇಲ್ಲ. ತಂಗಿ ಎಡಗಡೆಯ ಮೂಲೆಯಲ್ಲಿ, ಬಾಗಿಲ ಪಕ್ಕ, ಬೆನ್ನು ತಿರುಗಿಸಿ ನಿಂತಿದ್ದಳು.

“ಯಾರೇ ಹೇಳಿದ್ದು ಅಲ್ಲಿಗೆ ಹೋಗು ಅಂತ?”

“ಯಾರೂ ಹೇಳಿಲ್ಲ ಕಣೋ ಅಣ್ಣ.”

“ಮತ್ತೆ ಕಾಲಿಗೆ ತಾನಾಗೇ ಬುದ್ಧಿ ಬಂತಾ?”

“ನಮ್ಮನೇಲಿ ಯಾರಿಗಾದ್ರೂ ಬರಬೇಕಲ್ಲ,” ಎಂದಳು ತಂಗಿ. ಉದ್ದಣ್ಣ ಕಿಸಕ್ಕೆಂದ.

ಮಾರನೆಯ ದಿನ ಉದ್ದಣ್ಣನೂ ಕೈಕೊಟ್ಟ. ಅಮ್ಮನ ಮುಖದೆದುರು ನಿಂತು ಗುಡುಗಬೇಕಾದವನು ದೂರದ ಬೆಂಚಿನಲ್ಲಿ ಕೂತು, ಊಟವಾಯಿತೇ ಎಂದು ಕೇಳುವವನ ಹಾಗೆ ಮೆಲ್ಲಗೆ ಪ್ರಶ್ನೆ ಹಾಕತೊಡಗಿದ. ಎಲ್ಲಕ್ಕಿಂತ ಹೊಟ್ಟೆ ಉರಿದದ್ದು ಬೇರೆ ವಿಷಯಕ್ಕೆ: ನೋಡುತ್ತ ನೋಡುತ್ತ ಡಂಗುರನ ಮೈ ಜುಮ್ಮೆಂದಿತು. ಅವನ ನಾಟಕ ಅವನನ್ನು ಕೇಳದೆ ಚೆನ್ನಾಗುತ್ತಿತ್ತು!

ತಲೆಯೆತ್ತಿ ನೋಡಿದ. ಏಣಿಯ ಮೇಲೆ ಎರಡು ಗಾಜು ಹೊಳೆದವು.

ಅಲ್ಲಿಗೆ ಅವನ ತಲೆಗೆ ಹುಳ ಹೊಕ್ಕಿತು. ಇದು ಗೂಬೆಯದೇ ಕೆಲಸ. ಬೆನ್ನ ಹಿಂದೆ ನಟರಿಗೆ ಹೇಳಿಕೊಟ್ಟು ನಾಟಕವನ್ನೇ ಬದಲಿಸುತ್ತಿದ್ದಾಳೆ. ನಾಳೆ ಕುರ್ಚಿಯಲ್ಲಿ ಕೂತಾಗ ‘ಅಮ್ಮ ಮೂಲೆಗೆ ಯಾಕೆ ಹೋದಳು’ ಎಂದು ಯಾರಾದರೂ ಕೇಳಿದರೆ? ಅವನು ಬಾಯಿ ಬಾಯಿ ಬಿಡಬೇಕು, ಅವಳು ದೊಡ್ಡ ರಂಗಮಂದಿರ ಹೊಡೆದುಕೊಂಡು ಹೋಗಬೇಕು. ಎಂಥ ಸಂಚು!

ಅಂದಿನಿಂದ ಅವನು ಪತ್ತೇದಾರನಾದ. ಹಿಂದೆ ಯಾರೂ ಹಾಗೆ ಪತ್ತೇದಾರಿಕೆ ಮಾಡಿರಲಿಲ್ಲ. ಅವನ ನೆರಳಿಗೇ ಅವನು ಎಲ್ಲಿದ್ದಾನೆಂದು ತಿಳಿಯದೆ ಕಾರಿಡಾರಿನಲ್ಲಿ ಅಲೆಯುತ್ತಿತ್ತಂತೆ. ಕ್ಯಾಂಟೀನಿನಲ್ಲಿ ಗೂಬೆಯ ಹಿಂದಿನ ಮೇಜಿಗೆ ಹೋಗಿ ದಿನಪತ್ರಿಕೆಯಲ್ಲಿ ಮುಖ ಮುಚ್ಚಿಕೊಂಡು ಕೂತ. ಉದ್ದಣ್ಣ ಅವಳ ಎದುರೇ ಬಂದು ಕೂತ. ಡಂಗುರನ ಕಿವಿ ನೆಟ್ಟಗಾಯಿತು. ಉದ್ದಣ್ಣ ಹೇಳಿದ: “ಸಕ್ಕರೆ ಈ ಕಡೆ ಕೊಡು.” ಗೂಬೆ ಕೊಟ್ಟಳು. ಅಷ್ಟೇ. ಸಕ್ಕರೆ ಎಂದರೆ ಮೂಲೆ, ಈ ಕಡೆ ಎಂದರೆ ಎಡಗಡೆ ಇರಬಹುದೇ ಎಂದು ಅವನು ಆ ಮಧ್ಯಾಹ್ನವೆಲ್ಲ ತಲೆ ಕೆರೆದುಕೊಂಡ.

ಮನೆಯಲ್ಲಿ ಊಟಕ್ಕೆ ಕೂತಾಗ ತಂಗಿಯನ್ನು ಹಿಡಿದ.

“ಗೂಬೆ ನಿಂಗೆ ಏನು ಹೇಳಿದ್ಳು? ನಿಜ ಬೊಗಳು.”

“ಅವಳು ಮಾತಾಡೋದೇ ಅಪರೂಪ. ನೀನೇ ಅಲ್ವಾ ಎಲ್ಲರ ಪಾಲಿನದೂ ಮಾತಾಡೋದು?”

“ಅಮ್ಮಾ, ನೋಡಮ್ಮ ಇವಳನ್ನ! ಅಣ್ಣನಿಗೇ ಮೋಸ ಮಾಡ್ತಿದಾಳೆ.”

“ತಟ್ಟೆ ನೋಡ್ಕೊಂಡು ಊಟ ಮಾಡೋ,” ಎಂದರು ಅಮ್ಮ. “ನಾಟಕದಲ್ಲಿ ಪೊಲೀಸು, ಮನೇಲೂ ಪೊಲೀಸು. ನನ್ನನ್ನೂ ಹಿಡ್ಕೊಂಡು ಹೋಗು ಬೇಕಾದ್ರೆ, ಪಾತ್ರೆ ತೊಳೆಯೋದಾದ್ರೂ ತಪ್ಪುತ್ತೆ.”

ಕೊನೆಗೆ ರಿಹರ್ಸಲ್‌ಗೆ ಮುಂಚೆಯೇ ಕರಿಕೋಣೆಗೆ ಹೋಗಿ ಕಪ್ಪು ಪರದೆಯ ಹಿಂದೆ ಅವಿತು ನಿಂತ. ಇಬ್ಬರೂ ನಟರು ಬಂದರು, ಗೂಬೆ ಬಂದಳು, ಏಣಿ ಹತ್ತಿದಳು. ಯಾರೂ ಯಾರಿಗೂ ಏನೂ ಹೇಳಲಿಲ್ಲ. ಆ ಮೌನವೇ ದೊಡ್ಡ ಸಾಕ್ಷಿ ಎಂದುಕೊಂಡ; ತಪ್ಪಿಲ್ಲದವರು ಇಷ್ಟು ಸುಮ್ಮನಿರುತ್ತಾರೆಯೇ? ಅಷ್ಟರಲ್ಲಿ ಪರದೆಯ ಧೂಳು ಮೂಗಿಗೆ ಹೊಕ್ಕಿತು. ಅವನು ಸೀನಿದ ಸದ್ದಿಗೆ ಉದ್ದಣ್ಣ ಬೆಂಚಿನಿಂದ ಉರುಳಿದ.

“ಪರದೆಗೆ ನೆಗಡಿಯಾಗಿದೆ,” ಎಂದಳು ತಂಗಿ.

ಅವತ್ತೇ ಮೇಡಂ ರಿಹರ್ಸಲ್ ನೋಡಲು ಬಂದರು. ಯಾರನ್ನೂ ಸುಮ್ಮನೆ ಹೊಗಳುವವರಲ್ಲ. ನೋಡಿ ಎದ್ದು ಹೋಗುವಾಗ ಬಾಗಿಲಲ್ಲಿ ನಿಂತು, “ಆ ಅಮ್ಮ ಮೂಲೆಗೆ ಹೋಗ್ತಾಳಲ್ಲ, ಅದು ತುಂಬ ಚೆನ್ನಾಗಿದೆ. ಅದರ ಬಗ್ಗೆ ಕುರ್ಚಿಯಲ್ಲಿ ಕೇಳ್ತೀನಿ,” ಎಂದರು.

ಎಲ್ಲರೂ ಹೋದ ಮೇಲೆ ಡಂಗುರ ಏಣಿಯ ಬುಡಕ್ಕೆ ಬಂದು ನಿಂತ.

“ಇಳಿಯೇ ಕೆಳಗೆ. ನಿನ್ನ ಆಟ ಎಲ್ಲ ನಂಗೆ ಗೊತ್ತಾಗಿದೆ.”

“ಯಾವ ಆಟ?”

“ನನ್ನ ನಟರ ಕಿವಿ ಊದ್ತಿದೀಯ.”

ಗೂಬೆ ಕನ್ನಡಕ ಒರೆಸಿಕೊಂಡಳು. “ನಾನು ಯಾರ ಹತ್ರಾನೂ ಮಾತಾಡಿಲ್ಲ. ಹೋಗಿ ಮಧ್ಯದಲ್ಲಿ ನಿಂತ್ಕೋ.”

ನಿಂತ. ಅವಳು ಕೊನೆಯ ದೃಶ್ಯದ ಲೈಟು ಹಾಕಿದಳು. ಅವನ ಕೈ ಅವನಿಗೇ ಕಾಣಲಿಲ್ಲ. ಮೂಲೆಯಲ್ಲಿ, ಬಾಗಿಲ ಪಕ್ಕ, ಒಂದು ಬೆಳಕಿನ ತುಂಡು ಬಿದ್ದಿತ್ತು; ದೂರದ ಬೆಂಚಿನ ಮೇಲೆ ಇನ್ನೊಂದು. ನಟರ ಕಾಲು ಬೆಳಕಿದ್ದಲ್ಲಿಗೆ ಹೋಗದೆ ಇನ್ನೆಲ್ಲಿಗೆ ಹೋಗುತ್ತದೆ? ಮೂಲೆಯಲ್ಲಿ ಬೆಳಕು ಕಣ್ಣಿಗೆ ಹೊಡೆಯುವುದರಿಂದ ತಂಗಿ ಬೆನ್ನು ತಿರುಗಿಸಿದ್ದಳು. ಗೋಡೆ ಅಷ್ಟು ಹತ್ತಿರವಿರುವಾಗ ಕೂಗಲು ಯಾರಿಗೂ ಮನಸ್ಸು ಬರುವುದಿಲ್ಲ.

“ಹಾಗಾದ್ರೆ ಬೇಕಂತಲೇ ಹೀಗೆ ಕಟ್ಟಿದ್ದೀಯ!”

“ನಿನಗಾಗಿ ಕಟ್ಟಿದ್ದಲ್ಲ ಮಾರಾಯ. ಇದು ನನ್ನ ನಾಟಕದ ಲೈಟು. ಆ ಮೂಲೇಲಿ ನನ್ನ ಕಾವಲುಗಾರ ಕೂರಬೇಕಿತ್ತು. ಸೆಣಸಾಟದ ದಿನ ನನ್ನ ದೃಶ್ಯ ತೋರಿಸೋಕೆ ಕಟ್ಟಿದ್ದು ಹಾಗೇ ಇದೆ. ನಿನ್ನದಕ್ಕೆ ಎಲ್ಲೆಲ್ಲಿ ಬೇಕು ಅಂತ ಕೇಳಿದ್ದಕ್ಕೆ ಏನಂದೆ ನೆನಪಿದೆಯಾ? ‘ಏನಾದ್ರೂ ಹಾಕು, ನನ್ನ ನಾಟಕ ಕತ್ತಲಲ್ಲೂ ಹೊಳೆಯುತ್ತೆ.’ ನಾನು ಏನಾದ್ರೂ ಹಾಕಿದೆ.”

ಬೇರೆಯವರ ನಾಟಕದ ಬೆಳಕಿನಲ್ಲಿ ಡಂಗುರನ ನಾಟಕ ಓಡಾಡುತ್ತಿತ್ತು.

“ಬದಲಿಸಬೇಕಾ? ಈಗಲೇ ಬಿಚ್ತೀನಿ,” ಎಂದಳು.

ಅವನು ಮೂಲೆಯನ್ನು ನೋಡಿದ. “ಬೇಡ,” ಎಂದ. ಆಮೇಲೆ ದನಿ ತಗ್ಗಿಸಿ, “ಯಾರಿಗೂ ಹೇಳಲ್ಲ ತಾನೇ?”

“ನಾನ್ಯಾಕೆ ಹೇಳ್ಲಿ?”

ಅವಳು ಇಷ್ಟು ಸುಲಭವಾಗಿ ಒಪ್ಪಿದ್ದು ಅವನ ನಿದ್ದೆ ಕೆಡಿಸಿತು. ಬಾಯಿ ಮುಚ್ಚಿಕೊಂಡಿರುವವರು ಅದನ್ನು ತೆರೆಯುವ ಹೊತ್ತಿಗೆ ಕಾಯುತ್ತಿರುತ್ತಾರೆ. ಅವಳು ಕುರ್ಚಿಯ ಹೊತ್ತಿಗೆ ಕಾಯುತ್ತಿದ್ದಾಳೆ.

ಪ್ರದರ್ಶನದ ಸಂಜೆ ಕರಿಕೋಣೆ ಕಿಕ್ಕಿರಿದಿತ್ತು. ತಂಗಿ ಮೂಲೆಗೆ ಹೋಗಿ “ನಾನು ಏನೂ ನೋಡಲಿಲ್ಲ” ಎಂದಾಗ ಯಾರೂ ಉಸಿರಾಡಲಿಲ್ಲ. ಇದೊಂದು ಮಾತ್ರ ಉತ್ಪ್ರೇಕ್ಷೆಯಲ್ಲ. ಮುಂದಿನ ಸಾಲಿನಲ್ಲಿದ್ದ ಅವಳ ನಿಜವಾದ ಅಮ್ಮ, ರಂಗದ ಮೇಲಿರುವುದು ತನ್ನ ಮಗಳೆಂಬುದನ್ನು ಮರೆತು, ಸೆರಗಿನಿಂದ ಕಣ್ಣೊತ್ತಿಕೊಂಡರು.

ಡಂಗುರ ಕುರ್ಚಿಯಲ್ಲಿ ಕೂತ. ಮೇಡಂ ಕೈಯೆತ್ತಿದರು. “ಅಮ್ಮ ಮೂಲೆಗೆ ಯಾಕೆ ಹೋದಳು?”

ಅವನ ಕಣ್ಣು ತಾನಾಗಿ ಗೂಬೆಯ ಕಡೆ ಹೋಯಿತು. ಗೋಡೆಗೊರಗಿ ನಿಂತಿದ್ದಳು. ತುಟಿ ಅಲುಗಿತೇ? ಅವಳು ಬಾಯಿ ಬಿಡುವ ಮೊದಲೇ ತಾನು ಬಿಡಬೇಕು.

“ಆ ಮೂಲೆ, ಮೇಡಂ, ನನ್ನ ಕನಸಲ್ಲಿ ಬಂತು. ಎದ್ದವನೇ ಬರಿಗಾಲಲ್ಲಿ ಓಡಿಬಂದೆ. ಆ ಏಣಿ ಹತ್ತಿ, ಗಾಳಿಯಲ್ಲಿ ಬೆಳಕಿನ ತೂಕ ನೋಡಿ, ಆ ಲೈಟನ್ನ ನಾನೇ ನನ್ನ ಕೈಯಾರೆ ಕಟ್ಟಿದೆ. ಎರಡು ಬೆರಳು ಸುಟ್ಟುಹೋದವು. ಮತ್ತೆ ಬೆಳೆದವು, ಅದು ಬೇರೆ ಮಾತು.”

ಜನ ನಕ್ಕರು. ಮೇಡಂ ನಗಲಿಲ್ಲ.

“ಹಾಗಾದ್ರೆ ಅದನ್ನ ಸ್ವಲ್ಪ ಮಧ್ಯಕ್ಕೆ ತಿರುಗಿಸಿ ತೋರಿಸು. ವ್ಯತ್ಯಾಸ ನೋಡೋಣ.”

ಡಂಗುರ ಏಣಿ ಹತ್ತಿದ. ಮೇಲೆ ಕಂಬಿಯುದ್ದಕ್ಕೂ ಬಾವಲಿಗಳ ಹಾಗೆ ಲೈಟುಗಳು ತಲೆಕೆಳಗಾಗಿ ನೇತಾಡುತ್ತಿದ್ದವು. ಯಾವುದು ಮೂಲೆಯದು? ಒಂದನ್ನು ಹಿಡಿದು ತಿರುಗಿಸಿದ. ಬೆಳಕು ಮೇಡಂ ಮುಖಕ್ಕೇ ಬಡಿಯಿತು. ಗಾಬರಿಯಲ್ಲಿ ಇನ್ನೊಂದನ್ನು ಹಿಡಿದ. ಉದ್ದಣ್ಣನ ಬೆಂಚು ಕತ್ತಲಾಯಿತು. ಕೈ ಚುರ್ ಎಂದಿತು, ಏಣಿ ಅಲ್ಲಾಡಿತು. ಗೂಬೆ ಓಡಿಬಂದು ಬುಡ ಹಿಡಿದಳು. ಈಗ ಬೀಳಿಸುತ್ತಾಳೆ, ಈಗ ಎಲ್ಲ ಹೇಳುತ್ತಾಳೆ ಎಂದು ಅವನು ಕಂಬಿಗೆ ಜೋತುಬಿದ್ದು ಕೆಳಗೆ ನೋಡಿದ. ಅವಳು ಏಣಿಯನ್ನು ಗಟ್ಟಿಯಾಗಿ ಹಿಡಿದುಕೊಂಡು ನಿಂತಿದ್ದಳು. ಬಾಯಿ ಬಿಡಲಿಲ್ಲ. ಬಿಡುವ ಹಾಗೂ ಕಾಣಲಿಲ್ಲ.

“ಎಷ್ಟನೇ ಲೈಟು, ಅಣ್ಣ?” ಎಂದು ತಂಗಿ ಕೆಳಗಿನಿಂದ ಮೆಲ್ಲಗೆ ಕೇಳಿದಳು.

“ಗೊತ್ತಿಲ್ಲ,” ಎಂದ ಡಂಗುರ.

ಆ ಪದ ಅವನ ಬಾಯಿಂದ ಬಂದದ್ದನ್ನು ಯಾರೂ ಕೇಳಿರಲಿಲ್ಲ.

“ಗೊತ್ತಿಲ್ಲ ಮೇಡಂ. ಈ ಏಣಿ ನಾನು ಹತ್ತಿದ್ದು ಇದೇ ಮೊದಲು. ಲೈಟು ಅವಳದು, ಅವಳ ನಾಟಕದ್ದು. ನಾನು ಅಮ್ಮನ್ನ ಮಧ್ಯದಲ್ಲಿ ನಿಲ್ಲಿಸಿ, ಕೈ ಮೇಲೆತ್ತಿಸಿ ಕಿರುಚಿಸಿದ್ದೆ. ಮೂಲೆಗೆ ಹೋದದ್ದು ನಾನು ಕಣ್ಣು ಮುಚ್ಚಿಕೊಂಡಿದ್ದಾಗ.”

“ಗೊತ್ತಾದ ಮೇಲೆ ಯಾಕೆ ಹಾಗೇ ಬಿಟ್ಟೆ?”

ಅವನು ಸುಟ್ಟ ಬೆರಳನ್ನು ಬಾಯಿಗಿಟ್ಟುಕೊಂಡು ತೆಗೆದ.

“ನನ್ನದಕ್ಕಿಂತ ಚೆನ್ನಾಗಿತ್ತು, ಮೇಡಂ.”